ಪಂಚೆ ಉಟ್ಟು ಆಫೀಸಿಗೆ ಬಂದವನು

ದೆವ್ವ, ಪವಾಡ ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ನಾನು. ಒಬ್ಬ ಮನುಷ್ಯ ಒಂದು ಹೊತ್ತಿಗೆ ಒಂದೇ ಕಡೆ ಇರುತ್ತಾನೆ, ಅಷ್ಟೇ ಎನ್ನುತ್ತಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಲಂಡನ್ನಿನ ಆ ಭಾನುವಾರವನ್ನು ಏನು ಮಾಡಲಿ, ನೀವೇ ಹೇಳಿ.

ಆಗ ಕ್ಯಾನರಿ ವಾರ್ಫಿನ ಒಂದು ಕಂಪನಿಯಲ್ಲಿ ನಾನೂ ಕುಂದಾಪುರದ ಶ್ರೀಧರನೂ ಪಕ್ಕಪಕ್ಕದಲ್ಲಿ ಕೆಲಸ ಮಾಡುತ್ತಿದ್ದೆವು. ವರ್ಷದ ಕೊನೆಗೆ ಇಬ್ಬರಲ್ಲಿ ಒಬ್ಬರನ್ನೇ ಉಳಿಸಿಕೊಳ್ಳುತ್ತಾರೆಂದು ಗೊತ್ತಿತ್ತು. ಅದನ್ನೇ ತಮಾಷೆ ಮಾಡಿಕೊಂಡು ಟೀ ಕುಡಿಯುತ್ತಿದ್ದೆವು. ಮೂವತ್ತೆರಡು ಬಿಟ್ ಯಂತ್ರದ ಹಳೆಯ ಪ್ರೋಗ್ರಾಮನ್ನು ಅರವತ್ತನಾಲ್ಕು ಬಿಟ್ ಯಂತ್ರಕ್ಕೆ ಒಯ್ಯುವ ಹೊಣೆ ನನ್ನದು. ಅದನ್ನು ಹಿಂದೆ ಬರೆದವನು ಶ್ರೀಧರ. “ಎಲ್ಲ ಕಂಡಿದೆ ಮಾರಾಯ, ಹೆದರ್ಬೇಡ” ಎಂದು, ಎಲ್ಲವನ್ನೂ ಪರಿಶೀಲಿಸಿ ನೋಡಿದವನ ಹಾಗೆ ಹೇಳಿದ್ದ. ನಂಬಿದೆ. ನಮ್ಮಲ್ಲಿ ಪರೀಕ್ಷೆ ಪಾಸಾದ ಪ್ರೋಗ್ರಾಮು ಗ್ರಾಹಕರ ಯಂತ್ರಗಳಲ್ಲಿ ಮತ್ತೆ ಮತ್ತೆ ಬಿದ್ದುಹೋಗತೊಡಗಿತು. ಸೋಮವಾರದೊಳಗೆ ಸರಿಯಾಗದಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಅದರ ಜೊತೆ ವೀಸಾ. ವೆಂಬ್ಲಿಯ ಶಾಲೆಗೆ ಆಗಷ್ಟೇ ಹೊಂದಿಕೊಂಡಿದ್ದ ಮಗಳನ್ನು ಕರೆದುಕೊಂಡು ಗಂಟುಮೂಟೆ ಕಟ್ಟಬೇಕಿತ್ತು.

ಆ ಭಾನುವಾರ ಲಂಡನ್ನಿನ ಇನ್ನೊಂದು ತುದಿಯಲ್ಲಿ, ರೇನರ್ಸ್ ಲೇನಿನ ಶ್ರೀಧರನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೆಂಡತಿ, ಮಗಳನ್ನು ಅಲ್ಲಿಗೆ ಕಳಿಸಿ ನಾನೊಬ್ಬನೇ ಆಫೀಸಿನಲ್ಲಿ ಕೂತಿದ್ದೆ. ಮಧ್ಯಾಹ್ನ ತಲೆ ಎತ್ತಿದರೆ ಶ್ರೀಧರ ನಿಂತಿದ್ದಾನೆ! ಪಂಚೆ, ಶಲ್ಯ, ಹಣೆಗೆ ಕುಂಕುಮ.

“ಏನಯ್ಯಾ, ಪಂಚೇಲೇ ಟ್ಯೂಬ್ ರೈಲು ಹತ್ತಿದ್ಯಾ?” ಎಂದು ನಕ್ಕೆ. ಅವನು ನಗಲಿಲ್ಲ. ಪರದೆಯ ಒಂದು ಸಾಲಿನ ಮೇಲೆ ಬೆರಳಿಟ್ಟು, “ಇಲ್ ಕಾಣ್. ಅಡ್ರೆಸ್ ಇಂಟಿನ್ ಒಳ್ಗ್ ಹಾಕಿತ್” ಎಂದ.

ಹಳೆಯ ಯಂತ್ರದಲ್ಲಿ ಮೆಮೊರಿಯ ವಿಳಾಸ ನಾಲ್ಕು ಬೈಟು, ಅಂಕಿಗಳನ್ನು ಇಡುವ ಇಂಟ್ ಎಂಬ ಡಬ್ಬಿಯೂ ನಾಲ್ಕು ಬೈಟು. ಹೊಸದರಲ್ಲಿ ವಿಳಾಸ ಎಂಟಾಗಿತ್ತು, ಡಬ್ಬಿ ಮಾತ್ರ ನಾಲ್ಕೇ. ವಿಳಾಸ ಚಿಕ್ಕದಿರುವವರೆಗೆ ತೊಂದರೆಯಿಲ್ಲ. ದೊಡ್ಡದಾದಾಗ ಅರ್ಧ ಕತ್ತರಿಸಿಹೋಗಿ ಪ್ರೋಗ್ರಾಮು ಯಾರದೋ ಮನೆ ಬಾಗಿಲು ತಟ್ಟುತ್ತದೆ. ಅಯ್ಯೋ, ಇಷ್ಟೇನಾ ಎಂದುಕೊಂಡು ತಿದ್ದಿ ತಿರುಗಿದರೆ ಅವನಿಲ್ಲ. ಪೂಜೆಗೆ ಹೊತ್ತಾಯಿತೆಂದು ಓಡಿರಬೇಕು ಅಂದುಕೊಂಡೆ.

ಸಂಜೆ ಹೆಂಡತಿಗೆ ಹೇಳಿದೆ. “ನಿಮಗೆ ತಲೆ ಕೆಟ್ಟಿದ್ಯಾ? ಅವರು ಮಣೆ ಬಿಟ್ಟು ಎದ್ದೇ ಇಲ್ಲ. ಮಧ್ಯಾಹ್ನ ಕಥೆ ಓದೋವಾಗ ಮಂಕಾಗಿ ಕೂತ್ಬಿಟ್ಟಿದ್ರು, ಭಟ್ಟರು ಕೂಗಿ ಎಚ್ಚರಿಸಿದ್ರು” ಎಂದಳು.

ಮರುದಿನ ಅವನಿಗೆ, “ತಪ್ಪು ಸಿಕ್ಕಿತು ಕಣೋ” ಎಂದೆ, ಬೇರೇನೂ ಹೇಳಲಿಲ್ಲ. ಅವನ ಮುಖ ಬಿಳಿಚಿಕೊಂಡಿತು. “ಆ ಇಂಟಿಂದಾ?” ಎಂದುಬಿಟ್ಟ.

“ನಿನಗೆ ಗೊತ್ತಿತ್ತಾ?”

“ಮೊದ್ಲೇ ಗೊತ್ತಿತ್ತ್ ಮಾರಾಯ” ಎಂದು ತಲೆ ತಗ್ಗಿಸಿದ. “ಒಬ್ಬನ್ನೇ ಇಟ್ಕೊಳ್ಳುದಲ್ದಾ...”

ಅವನ ಮನೆಯಲ್ಲಿ ಎಷ್ಟು ಸಲ ಉಂಡಿದ್ದೆ! ನನ್ನ ಮಗಳು ಅವನನ್ನು ಮಾಮ ಎನ್ನುತ್ತಿದ್ದಳು. ಪಾಪಿ, ಪಕ್ಕದಲ್ಲೇ ಕೂತು ನಾನು ಮುಳುಗುವುದನ್ನು ನೋಡುತ್ತಿದ್ದ.

ದಣಿದು ಏನೋ ಕಲ್ಪಿಸಿಕೊಂಡೆ ಎನ್ನುತ್ತೀರಾ? ನನಗೆ ಆ ಸಾಲೇ ಗೊತ್ತಿರಲಿಲ್ಲವಲ್ಲ! ನನ್ನ ಕೆಲಸ ಉಳಿಯಿತು. ಶ್ರೀಧರನೊಂದಿಗೆ ಮಾತು ಬಿಟ್ಟೆ, ಇವತ್ತಿಗೂ ಕ್ಷಮಿಸಿಲ್ಲ. ಆದರೆ ಪಂಚೆ ಉಟ್ಟು ಬಂದವನಿಗೆ ಒಂದು ಮಾತು ಹೇಳುವುದು ಬಾಕಿಯಿದೆ, ನೀನಿಲ್ಲದಿದ್ದರೆ ನಾವು ಮೂವರೂ ಬೀದಿಪಾಲಾಗುತ್ತಿದ್ದೆವು ಎಂದು. ಹೇಳಬೇಕೆಂದರೆ ಅದೇ ಮುಖದೆದುರು ಹೋಗಿ ನಿಲ್ಲಬೇಕು. ಅದು ನನ್ನಿಂದ ಆಗುತ್ತಿಲ್ಲ.