ಕೌದಿಯ ಸುತ್ತಳತೆ

ಮಕ್ತಲ್‌ನ ಕನ್ನಡ ಶಾಲೆಯಲ್ಲಿ ನಾನು ಐದನೇ ತರಗತಿಗೆ ಸುತ್ತಳತೆ ಕಲಿಸುತ್ತಿದ್ದೆ. ಎರಡು ಆಯತಗಳನ್ನು ಜೋಡಿಸಿದ ಆಕೃತಿ. ಮಕ್ಕಳು ಎರಡರ ಸುತ್ತಳತೆಯನ್ನೂ ಬೇರೆ ಬೇರೆ ತೆಗೆದು ಕೂಡಿಸಿಬಿಡುತ್ತಿದ್ದರು. ನಡುವಿನ ಗೆರೆ ಬಿಡಿ ಎಂದು ನಾಲ್ಕು ದಿನ ಹೇಳಿದರೂ ತಲೆಗೆ ಹೋಗಲಿಲ್ಲ.

ಅವತ್ತು ಮಗಳನ್ನು ಕರೆದೊಯ್ಯಲು ಬಂದ ನೀಲಮ್ಮ ಬಾಗಿಲಲ್ಲಿ ನಿಂತಿದ್ದಳು. ಹಳೆ ಸೀರೆಗಳಿಂದ ಕೌದಿ ಹೊಲಿಯುವಾಕೆ.

"ಸರ, ನಾ ಒಂದು ಮಾತು ಹೇಳ್ಲೇನ್ರಿ?" ಎಂದು ಕೇಳಿ ಮಕ್ಕಳ ಕಡೆ ತಿರುಗಿದಳು. "ಎರಡು ಅರಬಿ ತುಂಡು ಕೂಡಿಸಿ ಕೌದಿ ಹೊಲಿತೀನಿ. ಆಮ್ಯಾಲ ಅಂಚಿಗೆ ಪಟ್ಟಿ ಹಚ್ಚತೀನಿ. ನಡುವಿನ ಹೊಲಿಗಿ ಮ್ಯಾಲೂ ಹಚ್ಚತೀನೇನು?"

"ಇಲ್ಲ" ಎಂದರು ಎಲ್ಲರೂ.

"ಮತ್ತ ಅದನ್ಯಾಕ ಅಳೀತೀರಿ?"

ಹತ್ತು ನಿಮಿಷದಲ್ಲಿ ಎಲ್ಲರ ಲೆಕ್ಕವೂ ಸರಿ ಬಂತು. "ನೀಲಮ್ಮತ್ತಿ ನಾಳಿನೂ ಬರ್ತಾಳೇನ್ರಿ ಸರ?" ಎಂದು ಒಬ್ಬಳು ಕೇಳಿದಳು. ನಾನು ರಜೆ ಹಾಕಿದಾಗ ನನ್ನ ಬಗ್ಗೆ ಯಾರೂ ಹೀಗೆ ಕೇಳಿದ್ದಿಲ್ಲ. ಹೊಟ್ಟೆ ಉರಿಯಿತು. "ಆಕಿಗೆ ಬ್ಯಾರೆ ಕೆಲಸ ಐತಿ" ಎಂದು ಗದರಿದೆ.

ಪರೀಕ್ಷೆಯ ಉತ್ತರಗಳನ್ನು ನೋಡಿದ ಹೆಡ್‌ಮಾಸ್ತರು, "ಹೆಂಗ ಕಲಿಸಿದ್ರಿ?" ಎಂದು ಬೆನ್ನು ತಟ್ಟಿದರು. ನೀಲಮ್ಮನ ಹೆಸರು ನಾಲಿಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ.

"ಭಾಳ ತ್ರಾಸ ಆತ್ರಿ" ಎಂದೆ. ಅದೇನೂ ಸುಳ್ಳಲ್ಲ.