ಅಮ್ಮನ ಮೂರು ಪದಗಳು

ಬೆಳಗ್ಗೆ ಹಿತ್ತಿಲಿಂದ ಒಳಗೆ ಬರುತ್ತಿದ್ದಂತೆ ಅಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, "ಆನೆ... ಅಪ್ಪ... ಹೊಲ" ಎಂದಳು. ಪಾರ್ಶ್ವವಾಯು ಬಡಿದ ಮೇಲೆ ಅವಳ ಮಾತಿನಲ್ಲಿ ಬಿಡಿ ಪದಗಳಷ್ಟೇ ಉಳಿದಿವೆ. ವಿಭಕ್ತಿಯೂ ಇಲ್ಲ, ಕ್ರಿಯಾಪದವೂ ಇಲ್ಲ. ಆನೆಯನ್ನು ಓಡಿಸಲು ಅಪ್ಪ ಹೋದರೋ, ಅಪ್ಪನನ್ನೇ ಆನೆ ಅಟ್ಟಿಸಿಕೊಂಡು ಹೋಯಿತೋ? ಮತ್ತೆ ಕೇಳಿದರೆ ಅದೇ ಮೂರು ಪದ, ಜೊತೆಗೆ ಕಣ್ಣೀರು. ಕಾಡಂಚಿನ ನಮ್ಮ ಜವಳಗಿರಿಯಲ್ಲಿ ಆ ಪದಗಳು ಒಟ್ಟಿಗೆ ಕೇಳಿಸಿದರೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಅಪ್ಪನ ಫೋನು ಚಾರ್ಜಿಗೆ ಹಾಕಿದಲ್ಲೇ ಇತ್ತು.

ಬರಿಗಾಲಲ್ಲೇ ಓಡಿದೆ. ಆನೆ ತುಳಿದ ರಾಗಿ ಪೈರಿನ ನಡುವೆ ಅಪ್ಪ ಒಬ್ಬರೇ ನಿಂತಿದ್ದರು. "ರಾತ್ರಿನೇ ಬಂದ್ ಹೋಗ್ಬುಟ್ಟವೆ ಕಣಮ್ಮ. ಹೊಲ ನೋಡ್ಕಂಡ್ ಬತ್ತೀನಿ ಅಂತ ನಿಮ್ಮಮ್ಮಂಗೆ ಹೇಳ್ಬುಟ್ಟೇ ಬಂದ್ನಲ್ಲ" ಎಂದರು.

ಹೊಸೂರಿನ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಪ್ರತ್ಯಯಗಳಿಗೆ ಸ್ವತಂತ್ರ ಅರ್ಥವಿಲ್ಲ ಎಂದು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ, ಈಗ ನನ್ನ ಮಣಿಕಟ್ಟಿನ ಸುತ್ತ ಅಮ್ಮನ ಬೆರಳುಗಳು ಬಿಗಿಯುತ್ತವೆ.