ನಮ್ಮ ಬೆಂಜೊ ಪಾರ್ಟಿ ಒಡೆದ ಬಗೆ

೧೯೯೮ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೇ ಇಯತ್ತೆ. ಫೇಲಾಗಿ ಬಿಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೀಪಾವಳಿ ಸೂಟಿಯಲ್ಲಿ ಚಿಕ್ಕೋಡಿ ರಸ್ತೆಯ ಒಂದು ಟ್ರಾಲಿ ಶೆಡ್ಡಿಗೆ ಕೆಲಸಕ್ಕೆ ಹೋದೆ. ಕಬ್ಬಿನ ಹಂಗಾಮು ಶುರುವಾಗುವ ಹೊತ್ತು. ರಾಯಬಾಗ, ಅಥಣಿ ಕಡೆಯ ಟ್ರಾಲಿಗಳು ತಳ ಹರಿದು, ಕೊಂಡಿ ಮುರಿದು ಸಾಲು ಹಚ್ಚಿ ನಿಂತಿದ್ದವು. ಸೂಟಿ ಮುಗಿಯಿತು, ಟ್ರಾಲಿ ಮುಗಿಯಲಿಲ್ಲ. ನಾನು ತಿರುಗಿ ಶಾಲೆಗೆ ಹೋಗಲಿಲ್ಲ. ನಾನು ಹಾಕಿದ ವೆಲ್ಡಿಂಗ್ ಬಿಟ್ಟಿತು ಅಂತ ಟ್ರಾಲಿ ವಾಪಸ್ ತಂದವರು ಇವತ್ತಿನವರೆಗೆ ಯಾರೂ ಇಲ್ಲ.

ಮೂರನೇ ಹಂಗಾಮಿಗೆ ಮಿರಜಕ್ಕೆ ಹೋಗಿ ಹಳೆಯದೊಂದು ಬೆಂಜೊ ತಂದೆ. ನಮ್ಮ ಕಡೆ ಬೆಂಜೊ ಅಂದರೆ ಮರದ ಉದ್ದನೆಯ ಪೆಟ್ಟಿಗೆ, ಅದರ ಮೇಲೆ ತಂತಿ, ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿ. ಎಡಗೈಯಿಂದ ಗುಂಡಿ ಒತ್ತಬೇಕು, ಬಲಗೈಯಿಂದ ತಂತಿ ಮೀಟಬೇಕು. ಕರೆಂಟಿಗೆ ಜೋಡಿಸಿ ಭೋಂಗಾಕ್ಕೆ, ಅಂದರೆ ಲೌಡ್‌ಸ್ಪೀಕರಿಗೆ, ಕೊಟ್ಟರೆ ಮೂರು ಓಣಿಯಾಚೆಗೆ ಕೇಳುತ್ತದೆ. ಮದುವೆಯ ವರಾತದಲ್ಲಿ, ಅಂದರೆ ಮೆರವಣಿಗೆಯಲ್ಲಿ, ಟ್ರ್ಯಾಕ್ಟರಿನ ಹಿಂದಿನ ಟ್ರಾಲಿ ಮೇಲೆ ಇದನ್ನು ಬಾರಿಸುತ್ತ ಹೋಗುವ ಗುಂಪಿಗೆ ಬೆಂಜೊ ಪಾರ್ಟಿ ಅನ್ನುತ್ತಾರೆ.

ಅಪ್ಪ ಹೊಲದ ಕೆಲಸದಿಂದ ಬಂದು ಕಾಲು ತೊಳೆದುಕೊಳ್ಳುತ್ತಿದ್ದ. ಬೆಂಜೊ ನೋಡಿದ.

"ಏನಲೇ ಅದು?"

"ಬೆಂಜೊ."

"ಎಲ್ಲಿ ಬಾರಸ್ತಿ?"

"ಮದವಿಗೆ. ವರಾತಕ್ಕ."

ಅಪ್ಪ ತಂಬಿಗೆ ಕೆಳಗಿಟ್ಟ. ಅಜ್ಜನ ಕಾಲದಲ್ಲಿ ನಮ್ಮ ಓಣಿ ಬೌದ್ಧ ಧರ್ಮ ತೆಗೆದುಕೊಂಡಾಗ ಹಲಗೆ ಬಾರಿಸುವುದನ್ನು ಬಿಟ್ಟಿತ್ತು. ಊರವರ ಮದುವೆ, ಮಣ್ಣಿಗೆ ಬಾರಿಸುವುದು, ಬಾರಿಸಿದ್ದಕ್ಕೆ ಹಿತ್ತಲ ಬಾಗಿಲಲ್ಲಿ ನಿಂತು ಅನ್ನ ಇಸಿದುಕೊಳ್ಳುವುದು ಇನ್ನು ಬೇಡ ಅಂತ. ಅದಕ್ಕಾಗಿ ಆ ತಲೆಮಾರು ಪಟ್ಟ ತ್ರಾಸು ನಾವು ಸಣ್ಣಂದಿನಿಂದ ಕೇಳಿದ್ದೆವು.

"ನಿಮ್ಮಜ್ಜ ಬಿಟ್ಟಿದ್ದನ್ನ ನೀ ಕರೆಂಟ್ ಹಚ್ಚಿ ಬಾರಸಾಂವೇನ?" ಅಂದ.

"ನಾವು ಕುರ್ಚಿ ಮ್ಯಾಲ ಕುಂತು ಸುಪಾರಿ ತಗೋತೀವಪಾ. ಹಿತ್ತಲಕ್ಕ ಹೋಗಂಗಿಲ್ಲ."

"ನೋಡೂಣು," ಅಂದ ಅಪ್ಪ.

ಸುಪಾರಿ ಅಂದರೆ ಅಡಿಕೆ. ಪಾರ್ಟಿ ಗೊತ್ತು ಮಾಡಲು ಬಂದವರು ತೆಂಗಿನಕಾಯಿಯ ಜೊತೆ ಒಂದು ಅಡಿಕೆ ಕೈಯಲ್ಲಿ ಇಡುತ್ತಾರೆ. ಇಟ್ಟರೆ ಮಾತು ಮುಗಿಯಿತು, ಆ ತಾರೀಖು ಅವರದು. ನಾವು ಮೂವರು ಕೂಡಿ ಪಾರ್ಟಿ ಕಟ್ಟಿದಾಗ ಮೊದಲು ಮಾಡಿದ್ದೇ ಈ ಸುಪಾರಿಯ ಕಾಯ್ದೆ. ಬಂದವರೂ ಕುರ್ಚಿ ಮೇಲೆ, ನಾವೂ ಕುರ್ಚಿ ಮೇಲೆ. ನಿಂತು ಇಸಿದುಕೊಳ್ಳುವಂತಿಲ್ಲ. ಒಮ್ಮೆ ತೆಗೆದುಕೊಂಡದ್ದನ್ನು ತಿರುಗಿ ಕೊಡುವಂತಿಲ್ಲ, ಬೇರೆ ಪಾರ್ಟಿಗೆ ದಾಟಿಸುವಂತೆಯೂ ಇಲ್ಲ. ಮತ್ತು ಮೆರವಣಿಗೆ ಹೊರಡುವಾಗ ಮೊದಲನೆಯ ಧಾಟಿ ನಮ್ಮದೇ ಇರಬೇಕು. ಸಿನೆಮಾದ ಹಾಡು ಆಮೇಲೆ ಎಷ್ಟು ಬೇಕಾದರೂ ಕೇಳಲಿ.

ಮೂವರು ಅಂದರೆ ನಾನು, ನಮ್ಮ ಓಣಿಯವನೇ ಆದ ಡ್ರಮ್ಮಿನವನು, ಮತ್ತೆ ಚಿಕ್ಕೋಡಿಯ ಒಬ್ಬ ಗುಮಾಸ್ತರ ಮಗ. ಅವನು ಕ್ಯಾಸಿಯೊ, ಅಂದರೆ ಕೀಬೋರ್ಡ್, ಬಾರಿಸುವವನು. ತಾಶಾ ಅನ್ನುವ ಸಣ್ಣ ನಗಾರಿಗೆ, ಝಾಂಜ್ ತಾಳಕ್ಕೆ ಆಯಾ ಊರಲ್ಲಿ ಸಿಕ್ಕವರು. ಟ್ರಾಲಿ ನಾನೇ ಕಟ್ಟಿದ್ದು. ಕೆಳಗೆ ಜನರೇಟರಿಗೆ ಗೂಡು, ಮೇಲೆ ಭೋಂಗಾಕ್ಕೆ ಕಮಾನು. ನಿಪ್ಪಾಣಿ ಬಜಾರಿನಲ್ಲಿ ನಿಂತರೆ ಇದನ್ನು ಕಟ್ಟಿದವರು ಯಾರು ಅಂತ ಕೇಳುತ್ತಿದ್ದರು.

ಧಾಟಿ ಕಟ್ಟಿದ್ದೂ ಶೆಡ್ಡಿನಲ್ಲೇ, ಭಾನುವಾರ. ನಾನು ಗುಂಡಿ ಒತ್ತುತ್ತ ಹೋಗುತ್ತಿದ್ದೆ, ಕ್ಯಾಸಿಯೊದವನು ಕೆಳಗಿನಿಂದ ಎತ್ತಿ ಹಿಡಿಯುತ್ತಿದ್ದ. ಅವನಿಗೆ ರಾಗ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆದರೆ ಯಾವ ಸ್ವರ ಎಲ್ಲಿ ಕೂಡುತ್ತದೆ ಎನ್ನುವುದು ಕಬ್ಬಿಣದ ಎರಡು ತುಂಡು ಕೂಡುವಷ್ಟೇ ಸ್ಪಷ್ಟವಾಗಿ ನನಗೆ ತಿಳಿಯುತ್ತಿತ್ತು.

ಭೋಜ ಊರಿನ ಒಂದು ಮದುವೆಯಲ್ಲಿ ಮೊದಲ ಸಲ ಅದನ್ನು ಬಾರಿಸಿದೆವು. ಕುಣಿಯುವ ಹುಡುಗರು ಮೊದಲು ಸುಮ್ಮನೆ ನಿಂತರು. ಗೊತ್ತಿಲ್ಲದ ಹಾಡಿಗೆ ಕಾಲು ಎಲ್ಲಿ ಇಡಬೇಕು? ಎರಡನೇ ಸುತ್ತಿಗೆ ಒಬ್ಬ ಇಳಿದ, ಮೂರನೇ ಸುತ್ತಿಗೆ ಓಣಿ ತುಂಬಿತು. ಮದುಮಗನ ಸೋದರಮಾವ ಟ್ರಾಲಿ ಹತ್ತಿ ಬಂದು ಮರಾಠಿಯಲ್ಲಿ, "ಕೋಣತ್ಯಾ ಪಿಕ್ಚರ್ಚಂ ಗಾಣಂ ಹೇ?" ಅಂದ. ಯಾವ ಪಿಚ್ಚರಿನ ಹಾಡು ಅಂತ.

"ಪಿಚ್ಚರಿಂದಲ್ರಿ ಮಾಮಾ, ನಮ್ಮದು," ಅಂದೆ.

"ಹೇಳಬ್ಯಾಡ ಬಿಡೊ, ಬ್ಯಾರೆ ಪಾರ್ಟಿಯವರು ಕದ್ದಾರಂತ ಮುಚ್ಚಿಡಾಕತ್ತೀ," ಅಂತ ಕನ್ನಡಕ್ಕೆ ತಿರುಗಿ ನಕ್ಕ.

ಆಮೇಲಿನ ಏಳೆಂಟು ವರ್ಷ ನಮ್ಮವು. ಐನಾಪುರ, ಕಾಗವಾಡ, ಅಥಣಿ, ನಿಪ್ಪಾಣಿ. ಏಪ್ರಿಲ್ ತಿಂಗಳ ಜಯಂತಿಯ ಮೆರವಣಿಗೆ ಮಾತ್ರ ನಮ್ಮೂರಲ್ಲೇ, ಅದಕ್ಕೆ ಸುಪಾರಿ ಇಲ್ಲ. ಅಪ್ಪ ಆ ದಿನ ಬಿಳಿ ಅಂಗಿ ಹಾಕಿಕೊಂಡು ಟ್ರಾಲಿಯ ಪಕ್ಕದಲ್ಲೇ ನಡೆಯುತ್ತಿದ್ದ. ಹೊಗಳುವ ಜಾಯಮಾನ ಅವನದಲ್ಲ. ಪಕ್ಕದಲ್ಲೇ ನಡೆದ, ನನಗೆ ಅಷ್ಟು ಸಾಕಾಗಿತ್ತು.

೨೦೦೯ರಲ್ಲಿ ಮಿರಜದ ಒಂದು ಸ್ಟುಡಿಯೊದಲ್ಲಿ ನಮ್ಮ ಧಾಟಿಗಳನ್ನು ರೆಕಾರ್ಡ್ ಮಾಡಿ ಸೀಡಿ ತೆಗೆಸಿದೆವು. ಮುಖಪುಟದ ಮೇಲೆ ಮೂವರ ಫೋಟೊ. ಡ್ರಮ್ಮಿನವನು ಕಪ್ಪು ಕನ್ನಡಕ ಹಾಕಿಕೊಂಡಿದ್ದ. "ನೀ ಡ್ರಮ್ಮ ಬಾರಸಾಂವೊ, ಕಣ್ಣಿನ ಆಪರೇಶನ್ ಮಾಡಿಸಿಕೊಂಡಾಂವೊ?" ಅಂತ ಕ್ಯಾಸಿಯೊದವನು ದಾರಿಯುದ್ದಕ್ಕೂ ಕಾಡಿದ. ಸೀಡಿಗಳನ್ನು ಯಾರೂ ಕೊಳ್ಳಲಿಲ್ಲ. ಆದರೆ ಮೊಬೈಲಿನ ಮೆಮರಿ ಕಾರ್ಡಿಗೆ ಹಾಡು ತುಂಬಿಕೊಡುವ ಅಂಗಡಿಗಳು ಆಗ ಊರೂರಿಗೆ ಇದ್ದವು. ನಮ್ಮ ಧಾಟಿ ಅಲ್ಲಿಗೆ ಸೇರಿತು. ಕಬ್ಬಿನ ಟ್ರ್ಯಾಕ್ಟರುಗಳ ಟೇಪಿನಲ್ಲಿ ನಮ್ಮ ಶೆಡ್ಡಿನ ಮುಂದೆಯೇ ಹಾಯ್ದು ಹೋಗುತ್ತಿತ್ತು. ಕಾರ್ಡಿನಲ್ಲಿ ಅದಕ್ಕೆ ಹೆಸರಿಲ್ಲ, ಬರೀ ನಂಬರು. ಒಬ್ಬ ಡ್ರೈವರನಿಗೆ ಇದು ನಾವು ಬಾರಿಸಿದ್ದು ಅಂದೆ. ಅವನು ನನ್ನ ಕರಿ ಹಿಡಿದ ಕೈ ನೋಡಿ, "ಅಣ್ಣಾ, ಕೊಂಡಿ ಲಗೂ ಮಾಡಿಕೊಡು, ಕಾರ್ಖಾನ್ಯಾಗ ಪಾಳೆ ತಪ್ಪತೈತಿ," ಅಂದ.

ಅಷ್ಟರಲ್ಲಿ ಡಾಲ್ಬಿ ಬಂತು. ಲಾರಿ ತುಂಬ ಆಳೆತ್ತರದ ಸ್ಪೀಕರ್ ಪೆಟ್ಟಿಗೆ, ಒಬ್ಬನೇ ಒಬ್ಬ ಲ್ಯಾಪ್‌ಟಾಪ್ ಮುಂದೆ. ಎದೆಯೊಳಗೆ ಗುದ್ದಿದಂತೆ ಸದ್ದು. ಕ್ಯಾಸಿಯೊದವನು ಅಂದೇ ಹೇಳಿದ: "ನಾವೂ ಬಾಕ್ಸ್ ತಗೊಳ್ಳೂಣು. ಬೆಂಜೊ ಇರ್ಲಿ, ಬಾಕ್ಸೂ ಇರ್ಲಿ."

"ಬಾಕ್ಸ್ ಬಂದ ಮ್ಯಾಲ ಬೆಂಜೊ ಯಾಂವ ಕೇಳ್ತಾನ?" ಅಂದೆ ನಾನು.

"ನೀ ಕೇಳಂಗ ಬಾರಸು."

"ಇಷ್ಟ ದಿನ ಕೆಪ್ಪರಿಗೆ ಬಾರಿಸಿನೇನ?"

ಮಾತು ಅಲ್ಲಿಗೇ ನಿಂತಿತು. ಆಗೀಗ ಮತ್ತೆ ಎದ್ದಿತು, ಮತ್ತೆ ನಿಂತಿತು. ಅವನದು ತಪ್ಪು ಅಂತ ನಾನು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ನನಗೆ ಬೇಕಾಗಿದ್ದು ಇಷ್ಟೇ: ಮೂವರು ಒಂದೇ ಟ್ರಾಲಿಯ ಮೇಲಿರಬೇಕು, ಸದ್ದು ನಮ್ಮ ಕೈಯಿಂದ ಬರಬೇಕು.

೨೦೧೨ರ ಬೇಸಿಗೆ. ಒಳ್ಳೆಯ ಮುಹೂರ್ತವೊಂದು ಬಂದರೆ ನಮ್ಮ ಸುತ್ತಿನ ಊರುಗಳ ಮದುವೆಗಳೆಲ್ಲ ಒಂದೇ ದಿನಕ್ಕೆ ಬೀಳುತ್ತವೆ. ನಮ್ಮಲ್ಲಿ ಇನ್ನೊಂದು ರೂಢಿ ಇತ್ತು. ಸುಪಾರಿ ಬಂದದ್ದನ್ನು ಫೋನಿನಲ್ಲಿ ಹೇಳುವುದಿಲ್ಲ. ಭಾನುವಾರ ಶೆಡ್ಡಿನಲ್ಲಿ ಕೂಡಿದಾಗ ಯಾರಿಗೆ ಬಂದಿದೆಯೋ ಅವರು ಅಡಿಕೆಯನ್ನು ಡ್ರಮ್ಮಿನ ಮೇಲೆ ಇಟ್ಟು ತಾರೀಖು, ಊರು ಹೇಳುವುದು. ಆ ಕ್ಷಣ ನಮಗೆ ಹಬ್ಬವಿದ್ದಂತೆ. ಅದಕ್ಕೇ ಯಾರೂ ಮೊದಲೇ ಬಾಯಿ ಬಿಡುತ್ತಿರಲಿಲ್ಲ. ಆ ಭಾನುವಾರ ಅವನೊಂದು ಇಟ್ಟ, ನಾನೊಂದು ಇಟ್ಟೆ.

"ಹನ್ನೆರಡನೇ ತಾರೀಖ, ಅಥಣಿ," ಅಂದ ಅವನು.

"ನಂದೂ ಹನ್ನೆರಡ. ಯಡೂರ ಕಡೆ."

ಡ್ರಮ್ಮಿನವನು ಎರಡೂ ಅಡಿಕೆ ನೋಡಿ, "ಹಂಗಾದ್ರ ನನ್ನ ನಡಬರಕ ಕೊಯ್ದು ಒಂದೊಂದು ಕಾಲು ಒಯ್ಯರೆಪಾ," ಅಂದ. ಯಾರೂ ನಗಲಿಲ್ಲ.

"ನಿಂದು ತಿರಗಿ ಕೊಡು," ಅಂದೆ.

"ಯಾಕ, ನೀ ಕೊಡು. ತಿರಗಿ ಕೊಡಬಾರದಂತ ಕಾಯ್ದೆ ಹಾಕಿದಾಂವ ನೀನ. ನಾ ಕೊಟ್ಟ್ರ ನಮ್ಮ ಅಪ್ಪನ ಗುರ್ತಿನ ಮಂದಿ ಮುಂದ ನನ್ನ ಮಾರಿ ಏನಾಗಬೇಕು?"

ಮಾರಿ ಹೋಗುವ ಭಯ ನನಗೂ ಅಷ್ಟೇ ಇತ್ತು. ಕಡೆಗೆ ಪಾರ್ಟಿಯನ್ನು ಒಂದು ದಿನದ ಮಟ್ಟಿಗೆ ಎರಡು ಮಾಡಿದೆವು. ಟ್ರಾಲಿ, ಬೆಂಜೊ, ಡ್ರಮ್ಮು ಯಡೂರ ಕಡೆಗೆ. ಕ್ಯಾಸಿಯೊ ಅಥಣಿಗೆ, ಅವನು ಅಲ್ಲಿ ಬಾಡಿಗೆಗೆ ಬಾಕ್ಸ್ ಹಿಡಿಯುತ್ತೇನೆ ಅಂದ.

ಯಡೂರ ಕಡೆಯ ಆ ಮನೆಯ ಹಿರಿಯ ಟ್ರಾಲಿಯನ್ನು ಒಂದು ಸುತ್ತು ನೋಡಿದ. "ಉಳದವರು ಹಿಂದ ಬರಾಕತ್ತಾರೇನು?"

"ಇಷ್ಟ ಮಂದಿ ಅದೀವ್ರಿ ಯಜಮಾನ್ರ. ಚೊಲೊ ಬಾರಸ್ತೀವಿ."

"ನಾ ಇಡೀ ಪಾರ್ಟಿಗೆ ಸುಪಾರಿ ಕೊಟ್ಟೇನಿ. ಅರ್ಧಕ್ಕಲ್ಲ."

ಬಾರಿಸಿದೆವು. ಕ್ಯಾಸಿಯೊ ಇಲ್ಲದೆ ನಮ್ಮ ಧಾಟಿ ತಳವಿಲ್ಲದ ಟ್ರಾಲಿಯಂತಿತ್ತು, ಹಾಕಿದ್ದೆಲ್ಲ ಕೆಳಗೆ ಸುರಿಯುತ್ತಿತ್ತು. ಹುಡುಗರು ಕುಣಿಯಲಿಲ್ಲ. ಒಬ್ಬ ಮೊಬೈಲ್ ಎತ್ತಿ ಹಿಡಿದು, "ಇದರಾಗ ಇದಕ್ಕಿಂತ ಜೋರ ಐತಿ," ಅಂದ. ನಾನು ಮೆರವಣಿಗೆ ಮುಗಿಯುವವರೆಗೆ ಕೈ ತೆಗೆಯಲಿಲ್ಲ. ಬೆರಳ ತುದಿಗಳು ಒಡೆದಿದ್ದವು. ಅಕ್ಕಿಕಾಳು ಬಿದ್ದ ಮೇಲೆ ಹಂದರದ ಹೊರಗೆ ಬೆಂಜೊ ಒರೆಸುತ್ತ ಕೂತಿದ್ದೆ. ಆ ಹಿರಿಯ ಬಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಊಟ ಹಿತ್ತಲದಾಗ ಹಚ್ಚಸೇನಿ. ಆಕಡಿಂದ ಬರ್ರಿ."

ಡ್ರಮ್ಮಿನವನು ನನ್ನ ಮುಖ ನೋಡಿದ. ನಾವು ಉಣ್ಣದೆ ಟ್ರ್ಯಾಕ್ಟರ್ ಚಾಲೂ ಮಾಡಿದೆವು. ಮನೆಯಲ್ಲಿ ಅಪ್ಪ "ಊಟಾತೇನ?" ಅಂದ. ಆತು ಅಂದೆ.

ಮರುದಿನ ಕ್ಯಾಸಿಯೊದವನ ಫೋನು.

"ಹೆಂಗಾತು ನಿಂದು?"

"ಆತು. ನಿಂದು?"

"ಏನ್ ಹೇಳ್ಲಿ ಮಾರಾಯಾ, ಮಂದಿ ಹುಚ್ಚೆದ್ದು ಕುಣದ್ರು. ಮೊದಲ ನಮ್ಮ ಧಾಟಿನ ಹಚ್ಚೀನಿ, ಕಾಯ್ದೆ ಮುರಿಲಿಲ್ಲ. ಸೀಡಿದಾಗಿನ ನಿನ್ನ ಬೆಂಜೊ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋಗಿದ್ನಿ." ಸ್ವಲ್ಪ ತಡೆದು ಅಂದ: "ಸಿಟ್ಟಿಗೇಳಬ್ಯಾಡ, ಖರೇ ಹೇಳ್ತೀನಿ. ನೀ ಇಲ್ಲಂತ ಯಾರಿಗೂ ಗೊತ್ತ ಆಗ್ಲಿಲ್ಲ."

ಅವನು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಖುಷಿಗೆ ಹೇಳಿದ್ದು. ಅಲ್ಲಿ ಬಾರಿಸಿದವನು ನಾನೇ, ಪೆನ್‌ಡ್ರೈವಿನೊಳಗಿನ ನಾನು. ನನಗಿಂತ ಜೋರಾಗಿ, ದಣಿಯದೆ, ಹಿತ್ತಲಿಗೆ ಕರೆಸಿಕೊಳ್ಳದೆ ಬಾರಿಸಿದ್ದ. ಅಂಥವನ ಎದುರು ನಾನು ಯಾವ ಸುಪಾರಿ ಕೇಳಲಿ?

ಮಳೆಗಾಲದಲ್ಲಿ ಅವನು ಶೆಡ್ಡಿಗೆ ಬಂದ. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹೊಡೆದು ತೋರಿಸಿದ. ಲಾರಿಯ ಮೇಲೆ ಬಾಕ್ಸ್ ನಿಲ್ಲಿಸುವ ಚೌಕಟ್ಟು. ಸ್ವಂತ ಡಾಲ್ಬಿ.

"ಬ್ಯಾರೆ ಶೆಡ್ ಇರಲಿಲ್ಲೇನ?" ಅಂದೆ.

"ಅದಾವು. ನಿನ್ನಷ್ಟು ಗಟ್ಟಿ ಯಾರೂ ಮಾಡಂಗಿಲ್ಲ. ನೀನೂ ಬಾ ಜೋಡಿ, ಮಷಿನ್ ಮುಂದ ನಿಂದರು."

"ನಿಂತು ಏನ್ ಮಾಡ್ಲಿ?"

ಚೌಕಟ್ಟು ಕಟ್ಟಿಕೊಟ್ಟೆ. ಯಾರ ಕೆಲಸವೇ ಇರಲಿ, ನಾನು ಹಾಕಿದ ಬೆಸುಗೆ ಬಿಡಬಾರದು. ಬಿಟ್ಟಿಲ್ಲ.

ಆಮೇಲೆ ಎರಡು ಹಂಗಾಮು ಬೇರೆ ಹುಡುಗರನ್ನು ಹಿಡಿದು ಪಾರ್ಟಿ ನಡೆಸಿದೆ. ಸುಪಾರಿ ಕೊಡಲು ಬಂದವರು ಕುರ್ಚಿ ಮೇಲೆ ಕೂತು ಚಹಾ ಕುಡಿದು, "ಬಾಕ್ಸ್ ಎಷ್ಟ ತರ್ತೀರಿ?" ಅಂತ ಕೇಳಿ ಎದ್ದು ಹೋಗುತ್ತಿದ್ದರು. ಒಂದು ದಿನ ಡ್ರಮ್ಮಿನವನೂ ಬಂದು ಬಾಗಿಲಲ್ಲಿ ನಿಂತ.

"ನಾ ಅವನ ಗಾಡಿ ಮ್ಯಾಲ ಬಾಕ್ಸ್ ಎತ್ತಾಕ ಹೊಂಟೇನಿ."

"ಡ್ರಮ್ಮು?"

"ಪೆನ್‌ಡ್ರೈವ್‌ನ್ಯಾಗ ಐತಿ," ಅಂದ. ನಗಲು ನೋಡಿದ, ಆಗಲಿಲ್ಲ.

ಟ್ರಾಲಿಯನ್ನು ನಾನೇ ಕತ್ತರಿಸಿದೆ. ಕಮಾನು ತೆಗೆದು, ಗೂಡು ಮುಚ್ಚಿ, ಪಕ್ಕಕ್ಕೆ ಹಲಗೆ ಹಚ್ಚಿ ಕಬ್ಬಿನ ಟ್ರಾಲಿ ಮಾಡಿದೆ. ಕಾಗವಾಡದ ಒಬ್ಬ ರೈತ ಒಯ್ದ.

೨೦೧೬ರ ಏಪ್ರಿಲಿನಲ್ಲಿ ನಮ್ಮ ಓಣಿಯ ಜಯಂತಿಗೂ ಡಾಲ್ಬಿ ತರಿಸಿದರು. ಕಮಿಟಿಯ ಹುಡುಗರು ಮರ್ಯಾದೆಯಿಂದ ಮನೆಗೆ ಬಂದು, "ಕಾಕಾ, ಈ ಸಲ ನೀವು ಆರಾಮ ಮಾಡ್ರಿ, ಬರೇ ಮುಂದ ನಡೀರಿ," ಅಂದರು. ಸಂಜೆ ಮೆರವಣಿಗೆ ಹೊರಟಾಗ ನಾನು ಮನೆಯ ಕಟ್ಟೆ ಮೇಲೆ ಅಪ್ಪನ ಪಕ್ಕ ಕೂತಿದ್ದೆ. ಅಪ್ಪನಿಗೆ ನಡೆಯಲು ಆಗುತ್ತಿರಲಿಲ್ಲ. ಲಾರಿ ತಿರುವಿಗೆ ಬಂತು. ಮೊದಲು ನಮ್ಮ ಧಾಟಿಯೇ ಬಂತು, ಕಿಟಕಿಯ ತಗಡು ನಡುಗುವ ಹಾಗೆ. ಓಣಿಯ ಮಕ್ಕಳೆಲ್ಲ ಕುಣಿಯುತ್ತಿದ್ದವು.

ಅಪ್ಪ ಕಿವಿಗೊಟ್ಟು ಕೇಳಿದ. "ಇದು ನೀ ಬಾರಸೂದಲ್ಲೇನೊ?"

"ಹೂಂ."

"ಮತ್ತ ಇಲ್ಲ್ಯಾಕ ಕುಂತಿ?"

ಅಪ್ಪನಿಗೆ ಪೆಟ್ಟಿಗೆಯೊಳಗೆ ಸದ್ದು ತುಂಬಿಡುವುದು ಗೊತ್ತಿರಲಿಲ್ಲವೆಂದಲ್ಲ. ಅವನು ನಿಜವಾಗಿಯೂ ಕೇಳಿದ್ದ. ನಾನು ಎದ್ದು ಒಳಗೆ ಹೋಗಿ ಅವನಿಗೆ ನೀರು ತಂದೆ. ಮುಂದಿನ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಕ್ಯಾಸಿಯೊದವನು ಮಣ್ಣಿಗೆ ಬಂದಿದ್ದ, ಹೆಗಲು ಕೊಟ್ಟ.

ಇದು ೨೦೧೯. ಈಗ ನನ್ನ ಹತ್ತಿರ ಇರುವುದು ಇಷ್ಟು. ತಗಡಿನ ಪತ್ರೆ ಹೊದಿಸಿದ ಎರಡು ಕೋಣೆಯ ಮನೆ. ಸ್ವಂತದ ವೆಲ್ಡಿಂಗ್ ಮಷಿನ್ ಒಂದು, ಗ್ರೈಂಡರ್ ಒಂದು. ಎಮ್ಮೆ ಒಂದು, ಅದರ ಕರು ಒಂದು. ಹಳೆಯ ಮೋಟರ್ ಸೈಕಲ್ ಒಂದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಒಂಬತ್ತನೇ ಇಯತ್ತೆ. ಬೆಂಜೊ ಒಂದು. ಪಾರ್ಟಿಯಲ್ಲಿ ಈಗ ಎಷ್ಟು ಮಂದಿ ಅಂತ ಕೇಳಿದರೆ, ಒಬ್ಬ.